ಸಮುದ್ರವಿಲ್ಲದ ಊರಲ್ಲಿ ಕರಾವಳಿಯ ಕಾಲೇಜು

ಚೆಂದದ ಕಟ್ಟಡಗಳನ್ನು ನೋಡಿ ಆರ್ಕಿಟೆಕ್ಟ್ ಆಗಬೇಕೆಂದು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಆವರಣಕ್ಕೆ ಮಾಸ್ಟರ್ ಪ್ಲ್ಯಾನ್ ಹಾಕುವ ಕೆಲಸದಲ್ಲಿ ಕಟ್ಟಡದ ಮುಖ ಕಾಣುವುದು ಬಹಳ ತಡವಾಗಿ. ಅದಕ್ಕೂ ಮೊದಲು ನಿಮಗೆ ಸಿಗುವುದು ಮುಳ್ಳುಕಂಟಿ, ಬಿಸಿಲು, ಸರ್ವೆ ಕಲ್ಲು, ಮತ್ತು ಭೂಮಿಪೂಜೆಗೆ ಯಾರನ್ನು ಕರೆಯಬೇಕೆಂದು ಜಗಳವಾಡುವ ಟ್ರಸ್ಟಿಗಳು. ಯಾವುದು ಎಲ್ಲಿ ಬರಬೇಕು, ಮಳೆನೀರು ಎಲ್ಲಿಗೆ ಹೋಗಬೇಕು, ಜನ ಯಾವ ಕಡೆಯಿಂದ ನಡೆದು ಬರುತ್ತಾರೆ ಎಂದು ತೀರ್ಮಾನಿಸುವಷ್ಟರಲ್ಲಿ ನಿಮ್ಮ ಅರ್ಧ ಜೀವ ಹೋಗಿರುತ್ತದೆ. ಉಳಿದ ಅರ್ಧದಲ್ಲಿ ಕಟ್ಟಡ ಕಟ್ಟಿಕೊಳ್ಳಬಹುದು.

ನಾನು ಹುಮನಾಬಾದಿನವಳು, ಹೆಸರು ಜರೀನಾ. ಅಪ್ಪನಿಗೆ ಬಜಾರಿನಲ್ಲಿ ಕಟ್ಟಿಗೆ ಅಡ್ಡೆ ಇತ್ತು. ಮನೆ ಕಟ್ಟುವವರು ತೊಲೆ, ಬಾಗಿಲು ಚೌಕಟ್ಟು ಕೊಳ್ಳಲು ಅಲ್ಲಿಗೇ ಬರುತ್ತಿದ್ದರು. ಬಂದವರು ತಮ್ಮ ಮನೆಯ ಜಗಳವನ್ನೂ ಜೊತೆಗೇ ತರುತ್ತಿದ್ದರು. ಅಡುಗೆಮನೆ ಬಾಗಿಲು ಯಾವ ಕಡೆ ಎನ್ನುವುದಕ್ಕೆ ಗಂಡ ಹೆಂಡತಿ ಅಪ್ಪನ ಎದುರಿಗೇ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಮುಂದೆ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಆ ಅಡ್ಡೆಯಲ್ಲಿ ಕಲಿತದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಬಾಗಿಲು ಅಂದರೆ ಬರೀ ಬಾಗಿಲಲ್ಲ, ಅದರಲ್ಲಿ ಯಾರು ಹೋಗಿಬರಬಹುದು, ಯಾರು ಬರಕೂಡದು ಎನ್ನುವ ಮಾತೂ ಇರುತ್ತದೆ.

ಓದು ಮುಗಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಕರಾವಳಿಯಲ್ಲಿ. ಆಫೀಸಿನ ಯಜಮಾನರು ಶೆಣೈ ಸರ್. ಬಾಯಿ ಜೋರು, ಮನಸ್ಸು ಮೆದು. ಸಮುದ್ರದ ದಂಡೆಗೆ ಹತ್ತಿರದ ಒಂದು ಗುಡ್ಡದ ಮೇಲೆ ಹೊಸ ಕಾಲೇಜು ಬರಬೇಕಿತ್ತು. ಅದರ ಮೊದಲ ನಕ್ಷೆಗಳನ್ನು ನಾವು ಟ್ರೇಸಿಂಗ್ ಪೇಪರಿನ ಮೇಲೆ ಕೈಯಲ್ಲೇ ಎಳೆದೆವು. ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಜಾಸ್ತಿ ಕೆರೆದರೆ ಕಾಗದ ತೂತು, ತೂತಾದರೆ ಇಡೀ ಹಾಳೆ ಹೊಸದು. ಹಾಗಾಗಿ ಗೆರೆ ಎಳೆಯುವ ಮೊದಲು ಯೋಚನೆ ಮಾಡುತ್ತಿದ್ದೆವು. ಈಗ ಕಂಪ್ಯೂಟರಿನಲ್ಲಿ ಎಳೆದ ಮೇಲೆ ಯೋಚನೆ ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಕೊನೆಕೊನೆಗೆ ನಾನೂ ಹಾಗೇ ಆಗಿದ್ದೆ.

ಶೆಣೈ ಸರ್ ಗುಡ್ಡವನ್ನು ಮಳೆಗಾಲದಲ್ಲಿ ನೋಡಿದ್ದರು. ನೀರು ಹರಿಯುವುದು ಮಳೆಯಲ್ಲೇ ಗೊತ್ತಾಗುತ್ತದೆ ಎನ್ನುವುದು ಅವರ ವಾದ, ಅದು ಸರಿಯೇ. ಪಶ್ಚಿಮಕ್ಕೆ, ಸಮುದ್ರದ ಗಾಳಿ ನೇರ ಬರುವ ಜಾಗದಲ್ಲಿ ಲೈಬ್ರರಿ ಇಟ್ಟರು. ಫ್ಯಾನೇ ಬೇಡದ ಲೈಬ್ರರಿ ಎಂದು ಎಲ್ಲರ ಮುಂದೆ ಕೊಚ್ಚಿಕೊಂಡರು. ಮಳೆಗಾಲ ಮುಗಿಯಿತು, ನೆಲ ಒಣಗಿತು, ಲೈಬ್ರರಿಯ ಗುರುತು ಹಾಕಲು ನಾವೆಲ್ಲ ಗುಡ್ಡ ಹತ್ತಿದೆವು. ಗಾಳಿ ಬಂತು, ಅದರ ಜೊತೆಗೆ ಒಣಮೀನಿನ ವಾಸನೆಯೂ ಬಂತು. ಗುಡ್ಡದ ಕೆಳಗಿನ ಮರಳಿನಲ್ಲಿ ಹೆಂಗಸರು ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರು. ಮಳೆಯಲ್ಲಿ ಯಾರೂ ಮೀನು ಒಣಗಿಸುವುದಿಲ್ಲ, ಹಾಗಾಗಿ ನಮಗೆ ಅವರು ಕಂಡಿರಲಿಲ್ಲ.

ಕಾಲೇಜಿನ ಕಡೆಯವರು ಆ ಹೆಂಗಸರನ್ನು ಬೇರೆ ಕಡೆ ಕಳಿಸುವ ಮಾತು ತೆಗೆದರು. ಶೆಣೈ ಸರ್ ಕೆಂಡವಾದರು.

"ಅವರಿಗೆ ಹೋಗಿ ಅಂತ ಹೇಳ್ಲಿಕ್ಕೆ ನಾವು ಯಾರು? ಎಡವಿದ್ದು ನಾನು. ಲೈಬ್ರರಿ ಜಾಗ ಬಿಟ್ಟು ಏಳ್ತದೆ, ಅವರು ಏಳುವುದಿಲ್ಲ."

ಲೈಬ್ರರಿ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಯಿತು. ವಾಸನೆಯ ಕಡೆಗೆ ವರ್ಕ್‌ಶಾಪು, ಜನರೇಟರು ಬಂದವು. ಆಮೇಲೆ ಆಫೀಸಿಗೆ ಹೊಸಬರು ಯಾರೇ ಸೇರಲಿ, ಸರ್ ಅವರಿಗೆ ಮೊದಲು ಹೇಳುತ್ತಿದ್ದದ್ದು ಈ ಮೀನಿನ ಕಥೆಯನ್ನೇ. ತಮ್ಮ ಸೋಲನ್ನು ಇಷ್ಟು ಖುಷಿಯಿಂದ ಹೇಳುವ ಯಜಮಾನರು ನನಗೆ ಮುಂದೆ ಸಿಗಲಿಲ್ಲ.

ಬಡ್ತಿ, ವರ್ಗಾವಣೆ, ಸನ್ಮಾನ ಇವನ್ನೆಲ್ಲ ಬಿಟ್ಟು ನೇರ ನನ್ನ ಕೊನೆಯ ಕೆಲಸಕ್ಕೆ ಬರುತ್ತೇನೆ. ಆ ಹೊತ್ತಿಗೆ ನಾನು ಹುಮನಾಬಾದಿಗೆ ವಾಪಸಾಗಿ ನನ್ನದೇ ಸಣ್ಣ ಆಫೀಸು ತೆಗೆದಿದ್ದೆ. ಬಸವಕಲ್ಯಾಣದ ಕಡೆಯ ಒಂದು ಟ್ರಸ್ಟಿನವರು ಹೆಣ್ಣುಮಕ್ಕಳ ಪದವಿ ಕಾಲೇಜು ಕಟ್ಟಬೇಕೆಂದು ಬಂದರು. ಹೆದ್ದಾರಿಯ ಪಕ್ಕ ಜಾಗ ಕೊಂಡಿದ್ದರು. ಅಧ್ಯಕ್ಷರು ಬಿರಾದಾರ ಸಾಹೇಬರು, ದೊಡ್ಡ ರೈತರು, ತೊಗರಿ ಕಬ್ಬು ಎರಡೂ ಬೆಳೆಯುವವರು. ಬಿಳಿ ಧೋತರ, ಟ್ರಸ್ಟಿನ ಮೀಟಿಂಗಿಗೆ ಮಾತ್ರ ಮೇಲೊಂದು ಕರಿ ಜಾಕೀಟು. ತಮ್ಮನ ಮಗಳನ್ನು ಓದಲು ಬಿಟ್ಟುಬರಲು ಕರಾವಳಿಗೆ ಹೋದಾಗ ನಮ್ಮ ಆ ಹಳೆಯ ಕಾಲೇಜನ್ನು ನೋಡಿ ಮರುಳಾಗಿದ್ದರು. ಅದರ ನಕ್ಷೆ ಎಳೆದವರಲ್ಲಿ ನಾನೂ ಒಬ್ಬಳು ಎಂದು ತಿಳಿದು ಹುಡುಕಿಕೊಂಡು ಬಂದಿದ್ದರು.

"ಮೇಡಂ, ನಮಗ ಅದೇ ಕಾಲೇಜ ಬೇಕ್ರಿ. ಸೇಮ್ ಟು ಸೇಮ್."

"ಸಾಹೇಬ್ರ, ಅದು ಸಮುದ್ರಕ್ಕ ಮುಖ ಮಾಡಿ ಕುಂತದ. ಇಲ್ಲಿ ಸಮುದ್ರ ಎಲ್ಲಿಂದ ತರೋಣ್ರಿ?"

"ಅದು ನಿಮ್ಮ ಕೆಲಸ ಬಿಡ್ರಿ. ನಾ ಬರೇ ಜಮೀನ್ ಕೊಡಾಂವ."

ಇಬ್ಬರೂ ನಕ್ಕೆವು. ಆದರೆ ಅವರು ಪೂರ್ತಿ ತಮಾಷೆ ಮಾಡುತ್ತಿರಲಿಲ್ಲ. ಕಡಿದಾದ ಹೆಂಚಿನ ಮಾಡು ಬೇಕು, ನಾಲ್ಕೂ ಕಡೆ ತೆರೆದ ಜಗಲಿ ಬೇಕು ಎಂದರು. ಆರು ತಿಂಗಳು ಬಿಡದೆ ಸುರಿಯುವ ಊರಿನ ಮಾಡನ್ನು, ಮೇ ತಿಂಗಳಲ್ಲಿ ಬೆಂಕಿಗಾಳಿ ಬೀಸುವ ಊರಿಗೆ ಹೊರಿಸುವುದು ಹೇಗೆ? ಬಿಸಿಗಾಳಿ ಒಳಗೆ ಬರದಂತೆ ದಪ್ಪ ಗೋಡೆ, ನಡುವೆ ನೆರಳಿನ ಅಂಗಳ, ಕಲ್ಯಾಣದ ಹಳೇ ಮನೆಗಳ ಹಾಗೆ ಮಾಡೋಣ ಎಂದು ಒಪ್ಪಿಸಲು ನನಗೆ ಹಲವು ಭೇಟಿಗಳೇ ಬೇಕಾದವು. ಒಂದು ವಿಷಯ ಮಾತ್ರ ಎರಡೂ ಕಡೆ ಒಂದೇ ಆಗಿತ್ತು. ಅಲ್ಲಿಯ ನೆಲದಡಿಯಲ್ಲಿದ್ದ ಕೆಂಪು ಕಲ್ಲೇ ಇಲ್ಲಿಯೂ ಇತ್ತು. ನೆಲದಲ್ಲಿರುವಾಗ ಕೊಯ್ಯಲು ಬರುತ್ತದೆ, ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಇದನ್ನು ಹೇಳಿದಾಗ ಸಾಹೇಬರಿಗೆ ಭಾರೀ ಸಮಾಧಾನವಾಯಿತು.

ಟ್ರಸ್ಟಿನವರು ಡ್ರೋನ್ ಹಾರಿಸಿ ಜಾಗದ ಚಿತ್ರ ತೆಗೆಸಿದ್ದರು. ನಾವು ಮುಳ್ಳಿನಲ್ಲಿ ವಾರಗಟ್ಟಲೆ ಅಲೆದು ಮಾಡುತ್ತಿದ್ದ ಅಳತೆಯನ್ನು ಅದು ಒಂದು ಮಧ್ಯಾಹ್ನದಲ್ಲಿ ಮುಗಿಸಿತ್ತು. ನನಗೆ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು. ಚಿತ್ರದಲ್ಲಿ ಜಾಗದ ನಡುವೆ ಮೇಲಿನಿಂದ ಕೆಳಗಿನವರೆಗೆ ಸಣ್ಣದೊಂದು ಬಿಳಿ ಗೆರೆ ಕಾಣುತ್ತಿತ್ತು. ಡ್ರೋನಿನವರು ಅದಕ್ಕೆ 'ನೀರು ಹರಿದ ಗುರುತು' ಎಂದು ಹೆಸರು ಕೊಟ್ಟಿದ್ದರು.

ಮೀನಿನ ವಾಸನೆ ಕುಡಿದವಳಿಗೆ ಚಿತ್ರದ ಮೇಲೆ ನಂಬಿಕೆ ಬರುವುದು ಕಷ್ಟ. ಒಂದು ಬೆಳಿಗ್ಗೆ ಹುಲಸೂರ ಬಸ್ಸು ಹಿಡಿದು ಹೋಗಿ, ಜಾಗದ ಹತ್ತಿರ ಇಳಿದು, ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತೆ. ಬಿಸಿಲು ಏರುವ ಮೊದಲೇ ಆ ಬಿಳಿ ಗೆರೆಯ ಮೇಲೆ ಕುರಿಗಳು ಇಳಿದುಬಂದವು. ದೊಡ್ಡ ಹಿಂಡು. ಹಿಂದೆ ಕೋಲು ಹಿಡಿದ ಒಬ್ಬ ಹೆಂಗಸು.

ಆಕೆ ಭೀಮಬಾಯಿ. ಜಾಗದ ಮೇಲ್ಗಡೆ ಕೆಲವೇ ಮನೆಗಳ ಒಂದು ವಾಡಿ ಇದೆ, ಅಲ್ಲಿಯವಳು. ಆಕೆ, ಆಕೆಯ ಗಂಡ ಮಾಳಪ್ಪ ಮತ್ತು ವಾಡಿಯ ಇನ್ನೂ ಕೆಲವರು ದಿನಾ ಇದೇ ದಾರಿಯಲ್ಲಿ ಹಿಂಡು ಹೊಡೆದುಕೊಂಡು ಕೆಳಗಿನ ಹಳ್ಳಕ್ಕೆ ನೀರಿಗೆ ಹೋಗುತ್ತಿದ್ದರು. ಕಾಲೇಜಿನ ಜಾಗದಲ್ಲಿ ಕುಳಿತವಳು ಟೀಚರೇ ಇರಬೇಕೆಂದು ನನ್ನನ್ನು ಅಕ್ಕೋರು ಎಂದಳು. ನಾನು ತಿದ್ದಲು ಹೋಗಲಿಲ್ಲ.

"ಅಕ್ಕೋರ, ಇಲ್ಲಿ ಕಾಂಪೌಂಡ್ ಗ್ವಾಡಿ ಹಾಕಾಕತ್ತಾರಂತ, ಖರೇ ಏನ್ರಿ?"

ಖರೆಯೇ ಆಗಿತ್ತು. ನಮ್ಮ ಕಡೆಯ ಒಂದು ಚಾಳಿ ಇದು. ಜಾಗ ಕೈಗೆ ಬಂದ ಮರುದಿನವೇ ಸುತ್ತ ಗೋಡೆ ಎಬ್ಬಿಸುವುದು. ಒಳಗೆ ಏನು ಬರುತ್ತದೆ, ಗೇಟು ಎಲ್ಲಿ, ನೀರು ಎಲ್ಲಿ ಹೊರಗೆ ಹೋಗಬೇಕು, ಯಾವುದೂ ಗೊತ್ತಿರುವುದಿಲ್ಲ. ಗೋಡೆ ಮಾತ್ರ ಮೊದಲು. ನಾನು ನಕ್ಷೆ ಮುಗಿಸುವ ಮೊದಲೇ ಟ್ರಸ್ಟಿನ ಗುತ್ತಿಗೆದಾರ ಸುಣ್ಣದ ಪುಡಿಯಲ್ಲಿ ನಾಲ್ಕೂ ಕಡೆ ಗೋಡೆಯ ಗುರುತು ಹಾಕಿದ್ದ.

"ಗ್ವಾಡಿ ಬಂದ್ರ ನೀವು ಹ್ಯಾಂಗ ಹೋಗ್ತೀರಿ?" ಎಂದು ಕೇಳಿದೆ.

"ರೋಡಿನ ಮ್ಯಾಲ ಹೋಗಬೇಕ್ರಿ. ಕಬ್ಬಿನ ಟ್ರ್ಯಾಕ್ಟರ್ ಹ್ಯಾಂಗ ಬರ್ತಾವ ನೀವೇ ನೋಡೀರಿ. ಒಂದ್ ಕುರಿ ಬೆದರಿದ್ರ ಹಿಂಡೇ ಟ್ರ್ಯಾಕ್ಟರ್ ಗಾಲಿ ಕೆಳಗ ಹೋಗ್ತದ. ಅದಕ್ಕ ನಮ್ಮ ಮನ್ಯಾಗ ಮಾತಾಗ್ಯಾದ್ರಿ. ಗ್ವಾಡಿ ಎದ್ದ ದಿನ ಹಿಂಡು ಮಾರೋದು."

ಇಷ್ಟು ಹೇಳಿ ಆಕೆ ಅಳಲಿಲ್ಲ, ಕೈ ಮುಗಿಯಲಿಲ್ಲ. ಕುರಿ ದೂರ ಹೋಗುತ್ತವೆ ಎಂದು ನಡೆದುಬಿಟ್ಟಳು. ಕೈ ಮುಗಿದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೋ ಏನೋ. ಅವಳ ಹಿಂಡು ಉಳಿಯುವುದೋ ಮಾರಾಟವಾಗುವುದೋ ಎನ್ನುವುದು ಈಗ ನನ್ನ ಪೆನ್ಸಿಲ್ಲಿನ ತುದಿಗೆ ಬಂದು ನಿಂತಿತ್ತು.

ಶೆಣೈ ಸರ್‌ಗೆ ಫೋನ್ ಮಾಡಿದೆ. ಅವರಿಗೆ ಕಿವಿ ಮಂದವಾಗಿತ್ತು, ಬಾಯಿ ಆಗಿರಲಿಲ್ಲ.

"ಎಂತ ಮಾರಾಯ್ತಿ, ಮೀನು ಮರೆತು ಹೋಯ್ತಾ ನಿನಗೆ? ನನ್ನ ಹತ್ರ ಎಂತಕ್ಕೆ ಕೇಳ್ತಿ? ನಾನು ಲೈಬ್ರರಿಯನ್ನು ಜಾಗದಿಂದ ಎಬ್ಬಿಸಿದೆ, ನೀನು ಎಂತ ಎಬ್ಬಿಸ್ತಿ ನೋಡು."

ಮುಂದಿನ ಮೀಟಿಂಗಿನಲ್ಲಿ ದಾರಿಯ ವಿಷಯ ತೆಗೆದೆ. ಕರಿ ಜಾಕೀಟಿನ ಬಿರಾದಾರ ಸಾಹೇಬರು ಹುಬ್ಬು ಗಂಟಿಕ್ಕಿದರು.

"ಮೇಡಂ, ಹೆಣ್ಮಕ್ಕಳ ಕಾಲೇಜದಾಗ ನಟ್ಟನಡುವ ಹಾದಿ ಬಿಡೋದೇನ್ರಿ? ಇವತ್ತ ಕುರಿ ಬರ್ತಾವ, ನಾಳೆ ಯಾರ್ಯಾರೋ ಬರ್ತಾರ. ಹುಡುಗ್ಯಾರ ಅಪ್ಪಂದ್ಯಾರ ನನಗ ಕೇಳಿದ್ರ ಏನ್ ಜವಾಬ್ ಕೊಡ್ಲಿ? ಹಳ್ಯಾಗಿಂದ ಒಂದ್ ಹುಡುಗಿ ಕಾಲೇಜಿಗಿ ಬರೋದೇ ಕಷ್ಟ ಅದ. ಗ್ವಾಡಿ ಇಲ್ಲಂದ್ರ ಕಳಸೋದೇ ಇಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಹಿಂಡು ಮಾರಿ ಕುಳಿತವರ ಮನೆಯ ಹುಡುಗಿಯನ್ನು ಯಾವ ಕಾಲೇಜಿಗೆ ಕಳಿಸುತ್ತೀರಿ ಎಂದುಬಿಟ್ಟೆ. ಮೀಟಿಂಗು ಚಹಾ ಬರುವ ಮೊದಲೇ ಮುಗಿಯಿತು. ಮನೆಗೆ ಬರುತ್ತಾ ಬಸ್ಸಿನಲ್ಲಿ ಕುಳಿತು ಯೋಚಿಸಿದರೆ, ಮೀಟಿಂಗಿನಲ್ಲಿ ನಾನು ಕೂಗಾಡಿದ್ದೇನೆ, ಸರಿಯಾದ ಮಾತು ಆಡಿದವರು ಸಾಹೇಬರು. ನಮ್ಮ ಮನೆಯಲ್ಲೂ ನನ್ನನ್ನು ಕಾಲೇಜಿಗೆ ಕಳಿಸುವ ಮೊದಲು ಹಾಸ್ಟೆಲ್ಲಿನ ಗೋಡೆ ಎಷ್ಟು ಎತ್ತರ ಎಂದು ಅಮ್ಮ ವಿಚಾರಿಸಿದ್ದಳು. ಗೋಡೆಯೂ ಬೇಕು, ದಾರಿಯೂ ಬೇಕು. ಈ ಎರಡನ್ನೂ ಒಂದೇ ಹಾಳೆಯ ಮೇಲೆ ಕೂರಿಸುವುದು ಹೇಗೆಂದು ನನಗೆ ತಿಳಿಯದೇ ಹೋಯಿತು. ಒಂದಿಷ್ಟು ದಿನ ಪೆನ್ಸಿಲ್ಲು ಮುಟ್ಟಲಿಲ್ಲ.

ಬಿರಾದಾರ ಸಾಹೇಬರು ಸಿಟ್ಟನ್ನು ಮನೆಯವರೆಗೆ ಒಯ್ಯುವ ಮನುಷ್ಯರಲ್ಲ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಊಟಕ್ಕೆ ಬರಬೇಕೆಂದು ಹೇಳಿ ಕಳಿಸಿದರು. ಅವರ ಹೊಲ ಕಾಲೇಜಿನ ಜಾಗದ ಕೆಳಗಡೆ, ಹಳ್ಳಕ್ಕೆ ಹತ್ತಿಕೊಂಡೇ ಇದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾವು ಊಟಕ್ಕೆ ಕುಳಿತಾಗಲೇ ಹಳ್ಳದ ಕಡೆಯಿಂದ ಮಾಳಪ್ಪ, ಭೀಮಬಾಯಿ ಹಿಂಡು ಹೊಡೆದುಕೊಂಡು ಬಂದರು.

ನಮ್ಮ ಭಾಗದಲ್ಲಿ ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿ ತರುಬುವ ವಾಡಿಕೆ ಇದೆ. ಹಿಂಡನ್ನು ಹೊಲದಲ್ಲೇ ಮಲಗಿಸಿದರೆ ನೆಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕಾಗಿ ರೈತರು ಕುರಿಯವರನ್ನು ಹುಡುಕಿಕೊಂಡು ಹೋಗಿ ಕರೆಯುತ್ತಾರೆ, ಕಾಳು ಕೊಡುತ್ತಾರೆ, ಊಟಕ್ಕಿಡುತ್ತಾರೆ. ಸಾಹೇಬರು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದರು. ಜಾಕೀಟು ಇರಲಿಲ್ಲ, ತಲೆಗೆ ರುಮಾಲು ಇತ್ತು. ದನಿಯೇ ಬೇರೆಯಾಗಿತ್ತು.

"ಮಾಳಪ್ಪಾ, ಈ ವರ್ಷ ಹಿಂಡು ನಮ್ಮ ಹೊಲದಾಗೇ ತರುಬಬೇಕ ನೋಡಪಾ. ಬ್ಯಾರೇದಾವ್ರಿಗಿ ಮಾತ್ ಕೊಡಬ್ಯಾಡ. ಜ್ವಾಳ ಹೆಚ್ಚಿಗಿ ಕೊಡ್ತೀನಿ. ಊಟದ ಫಿಕರ್ ಬ್ಯಾಡ."

ಮಾಳಪ್ಪ ಕಾಲಿನ ಬೆರಳಿನಿಂದ ಮಣ್ಣು ಕೆದರುತ್ತಾ ನಿಂತ. ಭೀಮಬಾಯಿ ಸೆರಗು ಸರಿಮಾಡಿಕೊಂಡು ಹೇಳಿದಳು.

"ಈ ವರ್ಷ ಬರ್ತೀವ್ರಿ ಸಾಹೇಬ್ರ. ಮುಂದಿನ ವರ್ಷದ ಮಾತ್ ಮಾತ್ರ ಕೇಳಬ್ಯಾಡ್ರಿ. ನೀವು ಗ್ವಾಡಿ ಕಟ್ಟಿದ ಮ್ಯಾಲ ನಮ್ಮ ಕುರಿ ಜಿಗದು ಬರಬೇಕೇನ್ರಿ?"

ಸಾಹೇಬರು ತಲೆ ಎತ್ತಿ ಮೇಲಿನ ವಾಡಿಯನ್ನು ನೋಡಿದರು. ಆಮೇಲೆ ಕಾಲೇಜಿನ ಜಾಗ. ಆಮೇಲೆ ತಮ್ಮ ಹೊಲ. ಮೂರೂ ಒಂದೇ ಇಳಿಜಾರಿನಲ್ಲಿ ಒಂದರ ಕೆಳಗೊಂದು ಇದ್ದವು. ಹುಟ್ಟಿದಾಗಿನಿಂದ ನೋಡಿದ ನೆಲ. ರುಮಾಲು ಸುತ್ತಿಕೊಂಡಾಗ ಅವರಿಗೆ ಹಿಂಡು ಬೇಕು, ಜಾಕೀಟು ತೊಟ್ಟಾಗ ಗೋಡೆ ಬೇಕು. ಒಂದಕ್ಕೊಂದು ಅಡ್ಡ ಬರುತ್ತದೆ ಎಂದು ಆ ಗಳಿಗೆಯವರೆಗೆ ಅವರಿಗೆ ಹೊಳೆದಿರಲಿಲ್ಲ. ರೊಟ್ಟಿಯನ್ನು ತಾಟಿನಲ್ಲಿಟ್ಟು ನನ್ನ ಕಡೆ ತಿರುಗಿದರು.

"ಮೇಡಂ, ಗ್ವಾಡಿ ನಾ ಬಿಡಾಂವಲ್ಲ. ಆದ್ರ ಹಿಂಡೂ ಬರಬೇಕ. ನಿಮ್ಮ ಕಡಿ ಏನರೇ ಅದ ಏನ್ರಿ?"

ಅವರು 'ಸೇಮ್ ಟು ಸೇಮ್' ಎಂದು ಹಟ ಹಿಡಿದದ್ದು ಆಗ ನೆನಪಾಯಿತು. ಕರಾವಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯಿಂದ ಕಾಲೇಜಿನ ಗುಡ್ಡಕ್ಕೆ ಹೋಗುತ್ತಿದ್ದ ದಾರಿ ನೆಲದ ಮಟ್ಟದಲ್ಲಿರಲಿಲ್ಲ. ಅಲ್ಲಿ ಕೆಂಪು ಕಲ್ಲಿನ ನೆಲವನ್ನು ಆಳಕ್ಕೆ ಕಡಿದು ಓಣಿ ಮಾಡಿರುತ್ತಾರೆ. ಎರಡೂ ಕಡೆ ಕಡಿದ ನೆಲವೇ ಗೋಡೆಯಂತೆ ನಿಂತ ಆಳೆತ್ತರದ ದರೆ, ಮೇಲೆ ಯಾರ ಯಾರದೋ ತೋಟ, ಮನೆ. ಓಣಿಯಲ್ಲಿ ನಡೆಯುವವರಿಗೆ ಮೇಲಿನವರ ಅಂಗಳ ಕಾಣುವುದಿಲ್ಲ. ವರ್ಷಗಟ್ಟಲೆ ಅದರಲ್ಲಿ ಓಡಾಡಿದ್ದೆ, ಅದೊಂದು ಉಪಾಯ ಎಂದು ನನಗೆ ಅನಿಸಿರಲೇ ಇಲ್ಲ. ನಾನು ಊಟ ಬಿಟ್ಟು ತೊಗರಿಕಟ್ಟಿಗೆಯಿಂದ ಮಣ್ಣಿನ ಮೇಲೆ ಗೀರತೊಡಗಿದೆ.

ಹಿಂಡಿನ ದಾರಿಯನ್ನು ಇದ್ದಲ್ಲೇ ಇಟ್ಟು ಕೆಳಗೆ ಕಡಿಯುವುದು. ಒಂದು ದರೆಯ ಮೇಲೆ ಕ್ಲಾಸುಗಳು, ಇನ್ನೊಂದು ದರೆಯ ಮೇಲೆ ಹಾಸ್ಟೆಲ್ಲು, ಆಟದ ಮೈದಾನ. ಕಾಂಪೌಂಡು ಗೋಡೆ ಎರಡೂ ದರೆಗಳ ಅಂಚಿನ ಮೇಲೆ. ಹುಡುಗಿಯರು ದಾಟಲು ಮೇಲೊಂದು ಅಗಲವಾದ ಸೇತುವೆ. ಕಡಿದ ಕಲ್ಲೇ ಗೋಡೆಗೆ. ಇಳಿಜಾರು ಹಳ್ಳದ ಕಡೆಗೇ ಇರುವುದರಿಂದ ಓಣಿಯ ಅಂಚಿನ ಚರಂಡಿಯಲ್ಲಿ ಮಳೆನೀರೂ ಅಲ್ಲಿಗೇ ಇಳಿಯುತ್ತದೆ. ಸಾಹೇಬರು ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು, ಆ ಕಡೆಯಿಂದ ಈ ಕಡೆಯಿಂದ ಪ್ರಶ್ನೆ ಹಾಕಿದರು, ಕೊನೆಗೆ ಕೇಳಿದರು.

"ಇದು ಆ ಕಡಲ್ ದಂಡ್ಯಾಗಿಂದೇ ಏನ್ರಿ?"

"ಹೌದ್ರಿ. ಸೇಮ್ ಟು ಸೇಮ್."

ಅವತ್ತು ಅವರು ನಕ್ಕ ನಗೆಗೆ ಕುರಿಗಳು ಬೆದರಿದವು.

ಗೋಡೆಯ ಕೆಲಸ ನಿಂತಿತು, ಓಣಿಯ ಕೆಲಸ ಮೊದಲಾಯಿತು. ಕಡಿಯುವಷ್ಟು ಕಾಲ ಹಿಂಡು ಪಕ್ಕದ ಖಾಲಿ ಜಾಗದಲ್ಲಿ ಹಾದುಹೋಗುತ್ತಿತ್ತು. ಓಣಿ ಮುಗಿದು, ಮೇಲಿನ ಸೇತುವೆಯೂ ಎದ್ದು ನಿಂತ ಮೇಲೆ, ಒಂದು ಬೆಳಿಗ್ಗೆ ಹಿಂಡನ್ನು ಮೊದಲ ಸಲ ಒಳಗೆ ಬಿಡುವುದೆಂದಾಯಿತು. ಟ್ರಸ್ಟಿಗಳೆಲ್ಲ ಬಂದಿದ್ದರು. ವಾಡಿಯವರೂ ಬಂದಿದ್ದರು. ನಾನು ಹೊಸ ಸೀರೆ ಉಟ್ಟಿದ್ದೆ.

ಕುರಿಗಳು ಓಣಿಗೆ ಇಳಿದವು. ಸೇತುವೆಯ ಹತ್ತಿರ ಬಂದವು. ಅಲ್ಲಿ ನೆಲದ ಮೇಲೆ ಸೇತುವೆಯ ಕಪ್ಪು ನೆರಳು ಅಡ್ಡ ಬಿದ್ದಿತ್ತು. ಮುಂದಿನ ಕುರಿ ನೆರಳಿನ ಅಂಚಿಗೆ ಬಂದು ಗಕ್ಕನೆ ನಿಂತಿತು. ಅದರ ಹಿಂದಿನವು ನಿಂತವು. ಮಾಳಪ್ಪ ಕೂಗಿದ, ಕೋಲು ಬಡಿದ. ಹಿಂಡು ಹಿಂದಕ್ಕೇ ಸರಿಯಿತು. ಇನ್ನೊಮ್ಮೆ ತಂದರು, ಮತ್ತೆ ನೆರಳಿನ ಅಂಚಿಗೇ ನಿಂತವು.

ಮಳೆ, ಕಲ್ಲು, ಅಪ್ಪಂದಿರು, ಟ್ರಸ್ಟು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಕುರಿಗೆ ನೆರಳು ಕಂಡರೆ ಗುಂಡಿ ಕಂಡ ಹಾಗೆ ಎಂದು ಯಾರಿಗೂ ನೆನಪಾಗಿರಲಿಲ್ಲ, ಕುರಿಯವರಿಗೂ ಇಲ್ಲ. ಟ್ರಸ್ಟಿಗಳಲ್ಲೊಬ್ಬರು, "ನಾ ಮೊದಲೇ ಹೇಳಿದ್ದೆ" ಎಂದು ಶುರುಮಾಡಿದರು. ಭೀಮಬಾಯಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಾರದೆ ಕಲ್ಲು ನೋಡಿದೆ.

ಆಗ ಬಿರಾದಾರ ಸಾಹೇಬರು ಜಾಕೀಟು ಬಿಚ್ಚಿ ಪಕ್ಕದವರ ಕೈಗೆ ಕೊಟ್ಟರು. ದರೆಯ ಮೇಲಿನ ಜಾಲಿಗಿಡದಿಂದ ಕಾಯಿ ಕಿತ್ತು ಧೋತರದ ಚುಂಗಿನಲ್ಲಿ ತುಂಬಿಕೊಂಡರು. ಓಣಿಗೆ ಇಳಿದು ಹಿಂಡಿನ ಮುಂದೆ ನಿಂತು, ಸಣ್ಣವರಿದ್ದಾಗ ಕಲಿತಿರಬೇಕು, ನಾಲಿಗೆಯಿಂದ ಟ್ರ್‌ರ್ ಎಂದು ಸದ್ದು ಮಾಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದರು. ಒಂದು ಕಾಯಿ ನೆರಳಿನ ಈಚೆಗೆ, ಒಂದು ನೆರಳಿನ ಒಳಗೆ, ಒಂದು ಆಚೆಗೆ ಚೆಲ್ಲಿದರು. ಮುಂದಿನ ಕುರಿ ಕತ್ತು ಚಾಚಿತು. ಒಂದು ಕಾಲು ನೆರಳಿನಲ್ಲಿಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ ಒಂದೇ ಜಿಗಿತಕ್ಕೆ ಆಚೆ ಹೋಯಿತು. ಅದರ ಹಿಂದೆ ಇಡೀ ಹಿಂಡು ಧೂಳೆಬ್ಬಿಸಿಕೊಂಡು ನುಗ್ಗಿತು. ಸಾಹೇಬರು ಕುರಿಗಳ ನಡುವೆ ಸಿಕ್ಕಿಬಿದ್ದು, ಧೋತರ ಎತ್ತಿಕೊಂಡು, ಹಳ್ಳದ ತನಕ ಅವುಗಳ ಜೊತೆಗೇ ಓಡಿದರು.

ನನಗೆ ನಗು ಬಂತು, ನಗುತ್ತಿರುವಾಗಲೇ ಕಣ್ಣು ತುಂಬಿತು. ಇಷ್ಟು ವರ್ಷದ ಕೆಲಸದಲ್ಲಿ ಯಾವ ಉದ್ಘಾಟನೆಯಲ್ಲೂ ನನಗೆ ಹಾಗೆ ಆಗಿರಲಿಲ್ಲ. ಭೀಮಬಾಯಿ ಕೋಲು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದಳು.

"ಇನ್ನ ಫಿಕರ್ ಬ್ಯಾಡ್ರಿ ಅಕ್ಕೋರ. ಒಮ್ಮಿ ದಾಟಿದ್ರ ಮುಗೀತ್ರಿ. ನಾಳಿಂದ ಅವೇ ನಮ್ಮನ್ನ ಕರಕೊಂಡು ಹೋಗ್ತಾವ."

ಅವಳು ಹಿಂಡಿನ ಹಿಂದೆ ಇಳಿದು ಹೋದಳು. ನಾನು ಗುತ್ತಿಗೆದಾರನನ್ನು ಕರೆದು, ಇನ್ನು ಗ್ವಾಡಿ ಕಟ್ಟಾಕ ಶುರು ಮಾಡ್ರಿ ಅಂದೆ.